ಗ್ಯಾಸು ಎಲ್ಲಿ ಹೋಯಿತು?

ಯುಗಾದಿ ಮುಗಿದು ಬಿಸಿಲು ನೆತ್ತಿ ಸುಡತೊಡಗಿದರೆ ಸಾಕು, ಕಾರಿದ್ದವರ ಮಾತಿನಲ್ಲಿ ಒಂದು ದೂರು ತಪ್ಪದೆ ಸುಳಿಯುತ್ತದೆ: ಎಸಿ ಹಾಕಿದರೆ ಬಿಸಿ ಗಾಳಿ ಬರುತ್ತಿದೆ. ಏಪ್ರಿಲ್‌–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಕಡೆ ಇದು ಸಣ್ಣ ದೂರಲ್ಲ. ಹಿಂದಿನ ಸೀಟಿನಲ್ಲಿ ಕೈಗೂಸೋ ವಯಸ್ಸಾದ ತಾಯಿಯೋ ಇದ್ದರಂತೂ ಜೀವ ಚಡಪಡಿಸುತ್ತದೆ. ದೂರು ಹೇಳಿ ಮುಗಿಸುವ ಮೊದಲೇ ಪಕ್ಕದವರ ಉತ್ತರ ಸಿದ್ಧ: “ಗ್ಯಾಸ್ ಖಾಲಿಯಾಗಿರಬೇಕು ಸಾರ್, ತುಂಬಿಸಿಬಿಡಿ.”

ಈ ಮಾತಿನ ಮೇಲೆ ನನಗೆ ಬಹುಕಾಲದ ತಕರಾರಿದೆ. ಎಸಿ ಗ್ಯಾಸು ಉರಿದು ತೀರುವ ವಸ್ತುವಲ್ಲ. ಮುಚ್ಚಿದ ಪೈಪುಗಳೊಳಗೆ ಅದು ಸುತ್ತುತ್ತಲೇ ಇರುತ್ತದೆ. ಹಳೆಯ ಕಾರಿನಲ್ಲಿ ರಬ್ಬರ್ ಹೋಸು, ಕಂಪ್ರೆಸರ್ ಸೀಲಿನ ಮೂಲಕ ವರ್ಷಗಳಲ್ಲಿ ಒಂದಿಷ್ಟು ಜಿನುಗುವುದು ಸಹಜ. ಆದರೆ ಹೋದ ಬೇಸಿಗೆಯಲ್ಲಿ ತುಂಬಿಸಿದ್ದು ಈ ಬೇಸಿಗೆಗೆ ಇಲ್ಲವೆಂದರೆ ಎಲ್ಲೋ ಲೀಕ್ ಇದೆ. ಅದನ್ನು ಹುಡುಕದೆ ಗ್ಯಾಸ್ ತುಂಬುವವರಿಗೆ ದುಡ್ಡು ಕೊಡಬಾರದು.

ತಂಪು ಹುಟ್ಟುವ ಬಗೆ ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದೇ. ಮಣ್ಣಿನ ಮಡಕೆಯ ಮೈಯಿಂದ ಜಿನುಗಿದ ನೀರು ಆವಿಯಾಗುತ್ತಾ ಒಳಗಿನ ನೀರಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲಿನಲ್ಲೂ ನಡೆಯುವುದು ಅದೇ. ನೀರಿನ ಬದಲು ಅಲ್ಲಿರುವುದು ಆರ್-134ಎ, ಸಾಮಾನ್ಯ ಒತ್ತಡದಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುವ ದ್ರವ. ಕುದಿದು ಆವಿಯಾದದ್ದನ್ನು ಕಂಪ್ರೆಸರ್ ಹಿಂಡುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಅದು ಬಿಸಿಯನ್ನು ಹೊರಗಿನ ಗಾಳಿಗೆ ಬಿಟ್ಟು ಮತ್ತೆ ದ್ರವವಾಗುತ್ತದೆ.

ಅಮೆರಿಕದ ಪ್ಯಾಕರ್ಡ್ ಕಂಪನಿ 1939ರ ಕೊನೆಗೆ ಕಾರಿಗೆ ಎಸಿ ಕೊಟ್ಟಾಗ ಕೂಲಿಂಗ್ ಕಾಯಿಲ್ ಹಿಂದಿನ ಸೀಟಿನ ಆಚೆ ಇತ್ತು, ಕಂಪ್ರೆಸರಿಗೆ ಕ್ಲಚ್ಚೇ ಇರಲಿಲ್ಲ. ತಂಪು ಬೇಡವೆಂದರೆ ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟ್ ಕಳಚಬೇಕು! ಮುಂದೆ ದಶಕಗಳ ಕಾಲ ಕಾರುಗಳಲ್ಲಿ ಆರ್-12 ಎಂಬ ಗ್ಯಾಸ್ ನಡೆಯಿತು. ಅದರ ಬಳಗದ ಅನಿಲಗಳು ಓಝೋನ್ ಪದರವನ್ನು ಕರಗಿಸುತ್ತವೆಂದು ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ಎಚ್ಚರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದದಿಂದ ಅದರ ಕಾಲ ಮುಗಿಯುತ್ತಾ ಬಂತು. ಅದರ ಜಾಗಕ್ಕೆ ಬಂದ 134ಎ ಓಝೋನಿಗೆ ತೊಂದರೆ ಮಾಡದಿದ್ದರೂ ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿನ ಸುಮಾರು 1,400 ಪಟ್ಟು ಬಲಶಾಲಿ. ಒಂದು ಕಾರಿನ ಅರ್ಧ ಕಿಲೋ ಗ್ಯಾಸು ಗಾಳಿಗೆ ಹೋದರೆ 700 ಕಿಲೋ ಡೈಆಕ್ಸೈಡ್ ಬಿಟ್ಟಂತೆ. ಲೀಕ್ ಬಿಟ್ಟು ಮತ್ತೆ ಮತ್ತೆ ತುಂಬಿಸುವುದು ನನ್ನನ್ನು ಕಾಡುವುದು ಈ ಕಾರಣಕ್ಕೂ ಹೌದು.

ಬಿಸಿ ಗಾಳಿಗೆಲ್ಲ ಗ್ಯಾಸೇ ಕಾರಣವೂ ಅಲ್ಲ. ಹೈವೇಯಲ್ಲಿ ತಂಪಾಗಿದ್ದು ಸಿಗ್ನಲಿನಲ್ಲಿ ನಿಂತಾಗ ಬಿಸಿಯಾದರೆ ಮೊದಲು ಕಂಡೆನ್ಸರಿನ ಫ್ಯಾನ್ ನೋಡಿ. ಕಂಡೆನ್ಸರಿನ ಮೈಗೆ ಧೂಳು, ತರಗೆಲೆ, ಹುಳು ಮೆತ್ತಿದ್ದರೂ ಹೀಗೇ. ಮೆಲ್ಲಗೆ ನೀರು ಬಿಟ್ಟು ತೊಳೆದರೆ ಎಷ್ಟೋ ಕಾರುಗಳು ಸರಿಹೋಗುತ್ತವೆ. ಗಾಳಿ ಬರುವುದೇ ಕಡಿಮೆಯಾಗಿದ್ದರೆ ಗ್ಲೋವ್ ಬಾಕ್ಸಿನ ಹಿಂದಿನ ಫಿಲ್ಟರ್ ಕಟ್ಟಿರಬಹುದು. ಎಸಿ ಗುಂಡಿ ಒತ್ತಿದಾಗ ‘ಟಕ್’ ಎಂದು ಕ್ಲಚ್ ಹಿಡಿಯುವ ಸದ್ದು ಕೇಳದಿದ್ದರೆ ಫ್ಯೂಸ್, ರಿಲೇ, ಕ್ಲಚ್ಚಿನ ಕಾಯಿಲ್ ನೋಡಬೇಕು. ಗ್ಯಾಸ್ ತೀರಾ ಇಳಿದಿದ್ದರೂ ಪ್ರೆಶರ್ ಸ್ವಿಚ್ಚು ಕಂಪ್ರೆಸರನ್ನು ಓಡಲು ಬಿಡುವುದಿಲ್ಲ.

ಲೀಕ್ ಹುಡುಕುವುದರಲ್ಲಿ ಒಬ್ಬ ಮೆಕ್ಯಾನಿಕ್ ಭಾಯಿಯ ಕೆಲಸವನ್ನು ನಾನು ಮನಸಾರೆ ಮೆಚ್ಚಿದ್ದೇನೆ. ಬಾನೆಟ್ ಎತ್ತಿ ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಾರೆ. ಗ್ಯಾಸಿನೊಂದಿಗೆ ಕಂಪ್ರೆಸರಿನ ಎಣ್ಣೆಯೂ ಸುತ್ತುತ್ತದಲ್ಲ, ಲೀಕ್ ಇದ್ದಲ್ಲಿ ಅದೂ ಹೊರಬರುತ್ತದೆ. ಅದಕ್ಕೆ ಧೂಳು ಅಂಟಿ ಪೈಪಿನ ಜಾಯಿಂಟಿನಲ್ಲಿ ಕಪ್ಪು ಜಿಡ್ಡಾಗಿರುತ್ತದೆ. “ನೋಡಿ ಸಾರ್, ಇಲ್ಲಿ ಅಳ್ತಾ ಇದೆ” ಎಂದು ಬೆರಳಿಟ್ಟು ತೋರಿಸುತ್ತಾರೆ. ಆಮೇಲೆ ನೈಟ್ರೋಜನ್ ತುಂಬಿ, ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ಕಾಯುತ್ತಾರೆ. ಬಹಳ ಸಲ ಕಳ್ಳ ಒಂದು ಚಿಕ್ಕ ಓ-ರಿಂಗು. ಕೂಲಿಂಗ್ ಕಾಯಿಲೇ ತೂತಾಗಿದ್ದರೆ ಮಾತ್ರ ಡ್ಯಾಶ್‌ಬೋರ್ಡ್ ಬಿಚ್ಚುವ ದೊಡ್ಡ ಕೆಲಸ.

ರಿಪೇರಿಯಾದ ಮೇಲೆ ವ್ಯಾಕ್ಯೂಮ್ ಹಾಕುವಾಗ ಅವರು ಅವಸರ ಮಾಡುವುದಿಲ್ಲ. ಒಳಗೆ ತೇವ ಉಳಿದರೆ ಅದು ದ್ರವವನ್ನು ಕೂಲಿಂಗ್ ಕಾಯಿಲಿಗೆ ಬಿಡುವ ಕಿರಿದಾದ ಎಕ್ಸ್‌ಪ್ಯಾನ್ಶನ್ ವಾಲ್ವಿನಲ್ಲಿ ಮಂಜುಗಡ್ಡೆಯಾಗಿ ದಾರಿ ಕಟ್ಟುತ್ತದೆ, ಎಣ್ಣೆಯನ್ನೂ ಕೆಡಿಸುತ್ತದೆ. ಗ್ಯಾಸನ್ನು ತೂಕ ಮಾಡಿಯೇ ತುಂಬಬೇಕು. ಎಷ್ಟು ಗ್ರಾಂ ಎಂಬುದು ಬಾನೆಟ್ ಕೆಳಗಿನ ಚೀಟಿಯಲ್ಲಿರುತ್ತದೆ. “ಇನ್ನೂ ಸ್ವಲ್ಪ ಹಾಕಿ ಭಾಯಿ, ಚೆನ್ನಾಗಿ ತಂಪಾಗಲಿ” ಎಂದು ಕೇಳುವವರಿದ್ದಾರೆ. ಗ್ಯಾಸ್ ಹೆಚ್ಚಾದರೂ ಒತ್ತಡ ಏರಿ ಬರುವುದು ಬಿಸಿ ಗಾಳಿಯೇ. ಅಗ್ಗವೆಂದು ಅಡುಗೆ ಗ್ಯಾಸಿನ ಜಾತಿಯ ಮಿಶ್ರಣವನ್ನು ಸೇರಿಸುವವರೂ ಇದ್ದಾರೆ. ಅದು ಹೊತ್ತಿ ಉರಿಯುವಂಥದ್ದು, ಮಕ್ಕಳು ಕೂರುವ ಕಾರಿಗೆ ಖಂಡಿತ ಬೇಡ.

ರಿಪೇರಿಯಾದ ಎಸಿಯನ್ನು ಮಳೆಗಾಲ, ಚಳಿಗಾಲದಲ್ಲೂ ಆಗಾಗ ಕೆಲವು ನಿಮಿಷ ಓಡಿಸಬೇಕು. ಎಣ್ಣೆ ಸುತ್ತಾಡಿದರೆ ಕಂಪ್ರೆಸರಿನ ಸೀಲು ಒಣಗುವುದಿಲ್ಲ. ಆಗುಂಬೆ ಘಾಟಿ ಹತ್ತುವಾಗ ಮುಂದಿನ ಗಾಜಿನ ಒಳಮೈ ಮಸುಕಾದರೆ ಬಟ್ಟೆ ಹುಡುಕುವ ಬದಲು ಎಸಿ ಗುಂಡಿ ಒತ್ತಿ; ಒಳಗಿನ ತೇವವನ್ನು ಅದೇ ಹೀರಿ ನೀರಾಗಿ ಕಾರಿನಡಿಗೆ ಬಿಡುತ್ತದೆ.