ಕೂಸು ಬರುವ ಮನೆಯಲ್ಲಿ ಬೆಕ್ಕು

ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವಳೆಂದರೆ ಮನೆಗೆ ಮನೆಯೇ ಸಜ್ಜಾಗತೊಡಗುತ್ತದೆ. ಅಟ್ಟದ ಮೇಲಿನ ತೊಟ್ಟಿಲು ಕೆಳಗಿಳಿಯುತ್ತದೆ. ಹಳೆಯ ಇಳಕಲ್ ಸೀರೆಗಳು ಕೌದಿಗಳಾಗುತ್ತವೆ. ಬಾಣಂತಿಯ ಕೋಣೆಗೆ ಸುಣ್ಣ ಬೀಳುತ್ತದೆ. ಅಂಟಿನ ಉಂಡಿಗೆಂದು ಕೊಬ್ಬರಿ, ಉತ್ತತ್ತಿಗಳು ಡಬ್ಬಿ ಸೇರುತ್ತವೆ. ಆದರೆ ಅದೇ ಮನೆಯಲ್ಲಿ ವರ್ಷಗಳಿಂದ ಬಾಳುತ್ತಿರುವ ಮೂಕಪ್ರಾಣಿಯೊಂದನ್ನು ಈ ಸಂಭ್ರಮಕ್ಕೆ ಸಿದ್ಧಗೊಳಿಸಬೇಕೆಂಬ ಯೋಚನೆ ಬರುವುದು ಅಪರೂಪ. ಬಂದರೂ ಅದು ಬಹುಮಟ್ಟಿಗೆ ಒಂದು ಗೋಣಿಚೀಲದಲ್ಲಿ ಮುಕ್ತಾಯವಾಗುತ್ತದೆ.

ಧಾರವಾಡದ ನಮ್ಮ ಮನೆಯ ಬೆಕ್ಕಿನ ಹೆಸರು ಚಿನ್ನಿ. ಮಗಳು ಕಾಲೇಜಿನಲ್ಲಿದ್ದಾಗ ಒಂದು ಮಳೆಗಾಲದ ಸಂಜೆ ಗಟಾರದ ದಂಡೆಯಿಂದ ಎತ್ತಿ ತಂದ ಮರಿ ಅದು. ಮಗಳು ಬೆಳಗಾವಿಯ ಸೊಸೆಯಾಗಿ ಹೋದ ಮೇಲೆ ನಮ್ಮೊಡನೆಯೇ ಉಳಿಯಿತು. ಮಗಳಿಗೆ ಆರು ತಿಂಗಳು ತುಂಬಿ ಕುಬುಸದ ಮಾತು ನಡೆದಿರುವಾಗ ಎಂಬತ್ತರ ಪ್ರಾಯದ ನಮ್ಮ ಅವ್ವ ತಮ್ಮ ತೀರ್ಮಾನವನ್ನು ತಿಳಿಸಿಬಿಟ್ಟರು: “ಹಾಲಿನ ವಾಸನಿಗೆ ಬೆಕ್ಕು ಕೂಸಿನ ಮಾರಿ ಮ್ಯಾಲೆ ಹೋಗಿ ಕುಂದರತೈತಿ. ಈಗ ಚೀಲದಾಗ ಹಾಕ್ಕೊಂಡು ದೂರ ಬಿಟ್ಟು ಬರ್ರಿ.” ಅದೇ ವಾರ ಮಗಳು ಫೋನಿನಲ್ಲಿ ಕೇಳಿದಳು: “ಅಪ್ಪಾ, ನಾ ಬರೂದರಾಗ ಚಿನ್ನಿ ಮನ್ಯಾಗ ಇರ್ತಾಳಲ್ಲ?”

ಹಿರಿಯರ ಮಾತನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಮಗಳ ಅಕ್ಕರೆಯನ್ನು ಹುಡುಗಾಟಿಕೆಯೆಂದು ಕಡೆಗಣಿಸುವುದೂ ಸುಲಭ. ನಮಗೆ ಎರಡೂ ಸಾಧ್ಯವಾಗಲಿಲ್ಲ. ಕೂಸಿನ ಕ್ಷೇಮಕ್ಕೆ ಕಿಂಚಿತ್ತೂ ಕುಂದು ಬರಕೂಡದು. ನಂಬಿ ಬಂದ ಜೀವವನ್ನು ಹಾದಿಯ ಪಾಲು ಮಾಡಲೂ ಕೂಡದು. ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆದುಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಆದುದರಿಂದ ಕೈಯಲ್ಲಿದ್ದ ಮೂರು ತಿಂಗಳನ್ನು ಸದುಪಯೋಗಪಡಿಸಿಕೊಳ್ಳಲು ನಿಶ್ಚಯಿಸಿದೆವು.

ಮೊದಲು ಮಗಳನ್ನು ನೋಡುತ್ತಿದ್ದ ವೈದ್ಯೆಯನ್ನೂ ಅನಂತರ ಪಶುವೈದ್ಯರನ್ನೂ ಕಂಡೆವು. ಬೆಕ್ಕಿಗೂ ಬಸುರಿಗೂ ಸಂಬಂಧಿಸಿದ ಮುಖ್ಯ ಕಾಯಿಲೆ ಟಾಕ್ಸೊಪ್ಲಾಸ್ಮೋಸಿಸ್. ಇದರ ಸೂಕ್ಷ್ಮಜೀವಿಯನ್ನು 1908ರಲ್ಲಿಯೇ ಗುರುತಿಸಲಾಗಿತ್ತಾದರೂ ಅದು ಬೆಕ್ಕಿನ ಕರುಳಿನಲ್ಲಿ ಸಂತಾನವೃದ್ಧಿ ಮಾಡಿಕೊಂಡು ಮಲದ ಮೂಲಕ ಹೊರಬೀಳುವುದೆಂಬುದು ತಿಳಿದದ್ದು 1970ರ ಸುಮಾರಿಗೆ. ಬಸುರಿಗೆ ಮೊದಲ ಸಲ ಈ ಸೋಂಕು ತಗಲಿದರೆ ಗರ್ಭದ ಶಿಶುವಿನ ಕಣ್ಣಿಗೂ ಮಿದುಳಿಗೂ ಅಪಾಯವುಂಟು. ಅವ್ವನ ಅಂಜಿಕೆಗೆ ಆಧಾರವೇ ಇಲ್ಲವೆನ್ನುವಂತಿಲ್ಲ. ಆದರೆ ಅಪಾಯವಿರುವುದು ಬೆಕ್ಕಿನ ಮೈದಡವುವುದರಲ್ಲಿ ಅಲ್ಲ. ಅದರ ಮಲದಲ್ಲಿ, ಆ ಮಲ ಬೆರೆತ ಮಣ್ಣಿನಲ್ಲಿ, ತೊಳೆಯದ ಸೊಪ್ಪು ತರಕಾರಿಗಳಲ್ಲಿ, ಸರಿಯಾಗಿ ಬೇಯದ ಮಾಂಸದಲ್ಲಿ. ಮಲದಲ್ಲಿ ಹೊರಬಿದ್ದ ಜೀವಾಣು ಸೋಂಕು ತಗಲಿಸುವ ಶಕ್ತಿ ಪಡೆಯಲು 1ರಿಂದ 5 ದಿನಗಳು ಬೇಕು. ಬೆಕ್ಕಿನ ಮರಳಿನ ತಟ್ಟೆಯನ್ನು ದಿನವೂ ತಪ್ಪದೆ ಶುಚಿಗೊಳಿಸಿದರೆ, ಆ ಕೆಲಸವನ್ನು ಬಸುರಿಯಲ್ಲದ ಮತ್ತೊಬ್ಬರು ಮಾಡಿ ಕೈಗಳನ್ನು ಸಾಬೂನಿನಿಂದ ತೊಳೆದರೆ, ಭಯದ ಬಹುಭಾಗ ಅಲ್ಲಿಗೇ ಮುಗಿಯಿತು. ಮಗಳು ಬಂದ ದಿನದಿಂದ ಆ ಕೆಲಸ ಮನೆಯ ಗಂಡಸಿನ ಪಾಲಿಗೆ ಬಂದಿತು. ಆಕೆಗೆ ಹಿತ್ತಲಿನ ಮಣ್ಣಿನ ಕೆಲಸವನ್ನೂ ಬಿಡಿಸಿದೆವು. ಮೆಂತ್ಯೆ, ರಾಜಗಿರಿ ಸೊಪ್ಪುಗಳು ನಾಲ್ಕು ನೀರು ಕಾಣತೊಡಗಿದವು.

ಇಲ್ಲಿ ನಮ್ಮಂಥ ಸಸ್ಯಾಹಾರಿ ಮನೆಗಳು ಗಮನಿಸಬೇಕಾದ ಸಂಗತಿಯೊಂದಿದೆ. ನಾವು ಮಾಂಸ ತಿನ್ನುವುದಿಲ್ಲವಾದ್ದರಿಂದ ನಮಗೆ ಈ ಚಿಂತೆಯಿಲ್ಲವೆಂದು ಭಾವಿಸುವಂತಿಲ್ಲ. ಹಾಲು ರೊಟ್ಟಿ ಹಾಕಿ ಸಾಕಿದ ಬೆಕ್ಕು ತನಗೆ ಬೇಕಾದುದನ್ನು ಇಲಿಗಳಲ್ಲಿ ಹುಡುಕಿಕೊಳ್ಳುತ್ತದೆ. ಬೆಕ್ಕಿಗೆ ಆ ಸೋಂಕು ಬಹುಮಟ್ಟಿಗೆ ಬೇಟೆಯಿಂದಲೇ ಬರುವುದು. ಇದಲ್ಲದೆ, ಬೆಕ್ಕಿನ ಶರೀರಕ್ಕೆ ಟಾರಿನ್ ಎಂಬ ಅಂಶ ಆಹಾರದಿಂದಲೇ ದೊರೆಯಬೇಕು. ಅದು ಇರುವುದು ಮಾಂಸದಲ್ಲಿ. ಅದರ ಕೊರತೆಯಿಂದ ಬೆಕ್ಕಿನ ಕಣ್ಣು ಕೆಡುವುದನ್ನು 1975ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಪಶುವೈದ್ಯರ ಸಲಹೆಯಂತೆ ಬೆಕ್ಕಿಗೆಂದೇ ತಯಾರಾದ ಒಣ ಆಹಾರವನ್ನು ಅಂಗಡಿಯಿಂದ ತಂದು, ಅಡುಗೆಮನೆಯಿಂದ ದೂರ, ಹಿಂದಿನ ಪಡಸಾಲೆಯಲ್ಲಿ ಹೊತ್ತಿಗೆ ಸರಿಯಾಗಿ ಹಾಕತೊಡಗಿದೆವು. ಬೇಟೆಯ ಹಂಬಲ ಪೂರ್ತಿ ಅಡಗದಿದ್ದರೂ ಚಿನ್ನಿಯ ರಾತ್ರಿಯ ತಿರುಗಾಟ ಕಡಿಮೆಯಾಯಿತು. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದೆವು. ಜಂತುಹುಳದ ಔಷಧಿ ಕೊಡಿಸಿದೆವು. ಮರಿಯಾಗದಂತೆ ಶಸ್ತ್ರಚಿಕಿತ್ಸೆ ಎರಡು ವರ್ಷಗಳ ಹಿಂದೆಯೇ ಆಗಿತ್ತು. ಇಲ್ಲವಾದರೆ ಮರಿಗಳನ್ನು ಏಳು ಮನೆ ತಿರುಗಿಸುವ ತಾಯಿಬೆಕ್ಕಿಗೆ ಬೆಚ್ಚಗಿನ ಬಾಣಂತಿಯ ಕೋಣೆಯೇ ಮೊದಲ ಮನೆಯಾಗುತ್ತಿತ್ತು.

ಅನಂತರದ್ದು ಬೆಕ್ಕಿನ ಶಿಕ್ಷಣ. ಬೆಕ್ಕು ಹೊಸತನ್ನು ದ್ವೇಷಿಸುವುದಿಲ್ಲ. ಹಠಾತ್ತಾಗಿ ಬರುವ ಹೊಸತಿಗೆ ಬೆದರುತ್ತದೆ. ಚಿನ್ನಿ ಅದುವರೆಗೆ ಮಲಗುತ್ತಿದ್ದುದು ಬಾಣಂತಿಗೆಂದು ಗೊತ್ತುಮಾಡಿದ ಕೋಣೆಯಲ್ಲಿಯೇ. ಅದರ ಹಾಸಿಗೆಯನ್ನೂ ಮರಳಿನ ತಟ್ಟೆಯನ್ನೂ ದಿನಕ್ಕೆ ಒಂದೆರಡು ಮೊಳದಂತೆ ಸರಿಸುತ್ತ ಹಿಂದಿನ ಪಡಸಾಲೆಗೆ ತಲುಪಿಸಲು ಹದಿನೈದು ದಿನಗಳು ಹಿಡಿದವು. ಕೋಣೆಯ ಬಾಗಿಲನ್ನು ಎರಡು ತಿಂಗಳು ಮೊದಲೇ ಮುಚ್ಚಿಡತೊಡಗಿದೆವು. ಕೂಸು ಬಂದ ದಿನವೇ ಬಾಗಿಲು ಮುಚ್ಚಿದ್ದರೆ ಆ ಅವಮಾನವನ್ನು ಬೆಕ್ಕು ಕೂಸಿನ ಲೆಕ್ಕಕ್ಕೆ ಬರೆದುಕೊಳ್ಳುತ್ತಿತ್ತೋ ಏನೋ! ಪಡಸಾಲೆಯಲ್ಲಿ ಖಾಲಿ ತೊಟ್ಟಿಲನ್ನು ಕಟ್ಟಿ, ಅದರೊಳಗೆ ಅಂಟುಪಟ್ಟಿಯನ್ನು ಅಂಟು ಮೇಲಾಗುವಂತೆ ಹಾಸಿದ ರಟ್ಟನ್ನು ಇಟ್ಟೆವು. ಚಿನ್ನಿ ಎರಡು ಸಲ ಹಾರಿತು. ಕಾಲಿಗೆ ಅಂಟಿದ್ದನ್ನು ಝಾಡಿಸಿಕೊಂಡು ಇಳಿಯಿತು. ಮೂರನೆಯ ಸಲ ತೊಟ್ಟಿಲಿನತ್ತ ಸುಳಿಯಲಿಲ್ಲ. ಹೊಡೆಯುವ, ಗದರುವ ಪ್ರಮೇಯವೇ ಬರಲಿಲ್ಲ. ಹೊಡೆತ ತಿಂದ ಬೆಕ್ಕು ಬುದ್ಧಿ ಕಲಿಯುವುದಿಲ್ಲ, ಅಂಜಿಕೆಯನ್ನು ಕಲಿಯುತ್ತದೆ. ಅಂಜಿದ ಬೆಕ್ಕೇ ಪರಚುವುದು.

ಬೆಕ್ಕಿನ ಕಿವಿ ನಮ್ಮದಕ್ಕಿಂತ ಬಹಳ ಸೂಕ್ಷ್ಮ. ಮನುಷ್ಯರಿಗೆ ಕೇಳಿಸುವುದು ಸೆಕೆಂಡಿಗೆ ಹೆಚ್ಚೆಂದರೆ 20,000 ಕಂಪನಗಳ ಧ್ವನಿ. ಬೆಕ್ಕಿಗೆ 60,000ಕ್ಕೂ ಮೇಲ್ಪಟ್ಟದ್ದು ಕೇಳಿಸುತ್ತದೆ. ಹಸುಗೂಸಿನ ಅಳು ಅದಕ್ಕೆ ಸಿಡಿಲಿನಂತೆ ಎರಗಬಾರದೆಂದು ಮೊಬೈಲಿನಲ್ಲಿ ಕೂಸಿನ ಅಳುವನ್ನು ಮೊದಲು ಪಿಸುಮಾತಿನಷ್ಟು, ದಿನಗಳೆದಂತೆ ಜೋರಾಗಿ, ಊಟದ ಹೊತ್ತಿಗೆ ಕೇಳಿಸಿದೆವು. ಕೂಸಿಗೆ ಹಚ್ಚಲಿರುವ ಎಣ್ಣೆಯನ್ನು ಮಗಳು ಮುಂಚಿತವಾಗಿಯೇ ಕೈಗೆ ಸವರಿಕೊಂಡು ಚಿನ್ನಿಯ ಬಳಿ ಕುಳಿತುಕೊಳ್ಳುತ್ತಿದ್ದಳು. ಹೆರಿಗೆಯಾದ ಮರುದಿನ ಕೂಸು ತೊಟ್ಟಿದ್ದ ಬಟ್ಟೆಯೊಂದನ್ನು ಆಸ್ಪತ್ರೆಯಿಂದ ತಂದು ಬೆಕ್ಕಿನ ಊಟದ ತಟ್ಟೆಯ ಸಮೀಪದಲ್ಲಿ ಇಟ್ಟೆವು. ಅದು ಮೂಸಿ ನೋಡಿ, ಕೆನ್ನೆಯನ್ನು ಒಮ್ಮೆ ಉಜ್ಜಿ, ಉಣ್ಣತೊಡಗಿತು. ಬಾಣಂತಿಯೂ ಕೂಸೂ ಮನೆಗೆ ಬಂದ ದಿನ ಅವ್ವ ನಿವಾಳಿಸಿ ಒಳಗೆ ಕರೆದುಕೊಂಡರು. ಕೂಸನ್ನು ಅಜ್ಜಿಯ ಕೈಗಿತ್ತು ಮಗಳು ಹಿಂದಿನ ಪಡಸಾಲೆಗೆ ಹೋಗಿ ಬೆಕ್ಕನ್ನು ಮಾತನಾಡಿಸಿದಳು. ಕೈತೊಳೆದುಕೊಂಡು ಬಂದು ಕೂಸನ್ನು ಎತ್ತಿಕೊಂಡಳು. ತೊಟ್ಟಿಲಿಗೆ ಹಾಕುವ ದಿನ ಬಂಧುಬಳಗದ ಗದ್ದಲದಲ್ಲಿ ಚಿನ್ನಿಗೆ ಮಾಳಿಗೆಯ ಕೋಣೆಯಲ್ಲಿ ನೀರು, ಆಹಾರ, ಮರಳಿನ ತಟ್ಟೆಗಳೊಡನೆ ಏಕಾಂತವಾಸ ಏರ್ಪಡಿಸಿದ್ದೆವು.

ಇಷ್ಟಾದರೂ ಒಂದು ಮಧ್ಯಾಹ್ನ, ಮಗಳಿಗೆ ಜೊಂಪು ಹತ್ತಿದಾಗ, ಗಾಳಿಗೆ ಬಾಗಿಲು ತೆರೆದುಕೊಂಡು ಚಿನ್ನಿ ಕೋಣೆಯನ್ನು ಹೊಕ್ಕಿತು. ತೊಟ್ಟಿಲನ್ನು ಹತ್ತಲಿಲ್ಲ, ಅದರ ಕೆಳಗೆ ಕಾಲು ಮಡಿಚಿಕೊಂಡು ಕುಳಿತಿತ್ತು. ಅದನ್ನು ಕಂಡ ಅವ್ವ ಚೀರಿ ಊರುಗೋಲನ್ನು ನೆಲಕ್ಕೆ ಬಡಿದರು. ಬೆಕ್ಕು ಕಿಟಕಿಯಿಂದ ಹಾರಿಹೋಯಿತು. ಬೆಕ್ಕು ಉಸಿರು ಹೀರುತ್ತದೆಂಬುದು ಸುಳ್ಳಾದರೂ ಅವ್ವನ ಚೀರಾಟದಲ್ಲಿ ಸತ್ಯವಿತ್ತು. ಬೆಕ್ಕು ಬಯಸುವುದು ಹಾಲಿನ ವಾಸನೆಗಿಂತ ಹೆಚ್ಚಾಗಿ ಬೆಚ್ಚಗಿನ ತಾವನ್ನು. ಮಲಗಿದ ಕೂಸಿನ ಮಗ್ಗುಲಿಗೆ ಪ್ರೀತಿಯಿಂದಲೇ ಹೋಗಿ ಮಲಗಿದರೂ, ತಲೆ ಹೊರಳಿಸಲಾಗದ ಹಸುಗೂಸಿನ ಮೂಗು ಬಾಯಿಗಳಿಗೆ ಆ ಮೈ ಅಡ್ಡವಾಗಬಹುದು. ಮರುದಿನವೇ ಬಡಿಗ ಬಂದು ತಾನಾಗಿಯೇ ಮುಚ್ಚಿಕೊಳ್ಳುವ ಜಾಲರಿಯ ಬಾಗಿಲನ್ನು ಕೂಡಿಸಿದನು. ಗಾಳಿಗೂ ಅಡ್ಡಿಯಿಲ್ಲ, ಬೆಕ್ಕಿಗೆ ದಾರಿಯೂ ಇಲ್ಲ. ಅಂದು ರಾತ್ರಿ ಹತ್ತಾದರೂ ಚಿನ್ನಿ ಮರಳಲಿಲ್ಲ. ಮಗಳು ಉಣ್ಣದೆ ಕುಳಿತಿದ್ದಳು. ಹಾಸಿಗೆಯಿಂದ ಅವ್ವನ ಧ್ವನಿ ಕೇಳಿಸಿತು: “ಹಿತ್ತಲ ಬಾಗಲಾ ಒಂದೀಟ ತಗದಿಡ್ರಿ. ಬಾಣಂತಿ ಉಣಬೇಕಲ್ಲ.” ಬೆಕ್ಕು ಹನ್ನೊಂದಕ್ಕೆ ಬಂದಿತು.

ಈಗ ಕೂಸಿಗೆ ಎಂಟು ತಿಂಗಳು, ಅಂಬೆಗಾಲಿಡುತ್ತಿದೆ. ತಾಯಿಯೊಡನೆ ಅದು ಬೆಳಗಾವಿಯಿಂದ ಬಂದಾಗಲೆಲ್ಲ ಕಾವಲಿನ ದಿಕ್ಕು ಬದಲಾಗುತ್ತದೆ; ಬೆಕ್ಕಿನಿಂದ ಕೂಸನ್ನಲ್ಲ, ಕೂಸಿನಿಂದ ಬೆಕ್ಕಿನ ಬಾಲವನ್ನು ಕಾಯಬೇಕು! ಮರಳಿನ ತಟ್ಟೆ ಕೂಸಿಗೆ ಎಟುಕದ ಸ್ಥಳಕ್ಕೆ ಹೋಗಿದೆ. ಬೆಕ್ಕಿನ ಉಗುರಿನ ತುದಿಗಳನ್ನು ಆಗಾಗ ಕತ್ತರಿಸುತ್ತೇವೆ. ಚಿನ್ನಿಗೆ ಬೇಸರವಾದಾಗ ಏರಿ ಕೂರಲು ಗೋಡೆಗೊಂದು ಎತ್ತರದ ಹಲಗೆಯಿದೆ. ಅಕಸ್ಮಾತ್ ಪರಚಿದರೆ ಅಥವಾ ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕೆಂಬುದನ್ನು ಮನೆಯ ಎಲ್ಲರೂ ಬಲ್ಲರು. ಬೆಕ್ಕಿಗೆ ಲಸಿಕೆಯಾಗಿದೆಯೆಂದು ಉದಾಸೀನ ಮಾಡತಕ್ಕದ್ದಲ್ಲ.

ಕೂಸಿಗೆ ಒಗ್ಗದಿಕೆಯೋ ಉಬ್ಬಸವೋ ಕಾಣಿಸಿಕೊಂಡು ಬೆಕ್ಕು ಮನೆಯಲ್ಲಿರಕೂಡದೆಂದು ವೈದ್ಯರು ಹೇಳಿದರೆ ಆ ಮಾತು ಬೇರೆ. ಆಗಲೂ ಅದನ್ನು ಸಾಕಬಲ್ಲ ಪರಿಚಿತರ ಮನೆಗೆ ಒಪ್ಪಿಸಬೇಕೇ ಹೊರತು ಸಂತೆಯ ಬಯಲಿಗಲ್ಲ. ಹಾಗೇನೂ ಇಲ್ಲದಿದ್ದಲ್ಲಿ ಬೇಕಾಗುವುದು ಮೂರು ತಿಂಗಳ ಸಹನೆ, ಒಂದು ಜಾಲರಿಯ ಬಾಗಿಲು, ದಿನಕ್ಕೊಮ್ಮೆ ಮರಳು ಬದಲಿಸುವ ಕೈ. ಬಾಣಂತಿತನಕ್ಕೆಂದು ನಾವು ಮಾಡುವ ಖರ್ಚಿನಲ್ಲಿ ಇದು ಅತ್ಯಲ್ಪ. ಮಗಳು ತವರಿಗೆ ಬರುವುದು ಕೇವಲ ಹೆರಿಗೆಗಾಗಿ ಅಲ್ಲ, ತನ್ನದೆಂದು ಬಿಟ್ಟುಹೋದುದೆಲ್ಲ ಇನ್ನೂ ಅಲ್ಲಿದೆಯೆಂಬ ನೆಮ್ಮದಿಗಾಗಿ. ಆ ನೆಮ್ಮದಿಯಲ್ಲಿ ಬೆಕ್ಕಿಗೂ ಒಂದು ಪಾಲಿರುತ್ತದೆಂಬುದನ್ನು ಹೆಣ್ಣು ಹೆತ್ತವರು ಮರೆಯಬಾರದು.