ರಬ್ಬರ್ ಹೊಸದೇ, ಸೋರೋದು ಮಾತ್ರ ನಿಂತಿಲ್ಲ

ನಮ್ಮಪ್ಪ ತೀರ್ಥಹಳ್ಳಿ ಹತ್ತಿರ ಸ್ಕೂಲ್ ವ್ಯಾನ್ ಓಡಿಸ್ತಾರೆ. ಗಾಡಿ ಓಮ್ನಿ. ಮಾರುತಿ ಕಂಪನಿ 1984ರಲ್ಲಿ ಶುರು ಮಾಡಿ 2019ರಲ್ಲಿ ನಿಲ್ಲಿಸಿದ ಗಾಡಿ. 796 ಸಿಸಿ, ಮೂರು ಸಿಲಿಂಡರ್, ಇಂಜಿನ್ ಇರೋದು ಮುಂದಿನ ಸೀಟಿನ ಕೆಳಗೆ. ಸಿನಿಮಾದಲ್ಲಿ ಕಿಡ್ನಾಪ್ ಮಾಡೋರು ಬರೋ ಗಾಡಿ ಅಂತ ಹಾಸ್ಟೆಲಲ್ಲಿ ಎಲ್ಲರೂ ನಗ್ತಾರೆ. ನಗಲಿ. ನನ್ನ ಫೀಸು ಕಟ್ಟೋದು ಅದೇ ಗಾಡಿ.

ಈ ಸಲ ರಜೆಗೆ ಊರಿಗೆ ಹೋದಾಗ ಮಳೆ ಜೋರಿತ್ತು. ಆಗುಂಬೆ ನಮ್ಮ ತಾಲೂಕಲ್ಲೇ ಇರೋದು, ಹಾಗಾಗಿ ‘ಜೋರು’ ಅಂದರೆ ಎಷ್ಟು ಅಂತ ಊಹಿಸಿಕೊಳ್ಳಿ. ವ್ಯಾನಿನ ಸ್ಲೈಡಿಂಗ್ ಬಾಗಿಲ ಪಕ್ಕದ ಸೀಟು ದಿನಾ ಒದ್ದೆ. ಮೂರನೇ ಕ್ಲಾಸಿನ ಒಬ್ಬಳು ಹುಡುಗಿಯ ಬ್ಯಾಗಿನೊಳಗೆ ನೀರು ಹೋಗಿ ನೋಟ್ ಬುಕ್ಕಿನ ಇಂಕೆಲ್ಲಾ ಹರಡಿತ್ತು. ಅವಳ ಅಮ್ಮ ಫೋನ್ ಮಾಡಿ, ಬೈಯಲಿಲ್ಲ, ಮೆತ್ತಗೆ ಹೇಳಿದರು: “ಅಣ್ಣ, ಈ ತಿಂಗಳು ನೋಡ್ತೇವೆ. ಆಮೇಲೆ ಮಕ್ಕಳನ್ನ ಬೇರೆ ವ್ಯಾನಿಗೆ ಕಳಿಸ್ಬೇಕಾಗ್ತದೆ.” ಆ ಮನೆಯಿಂದ ಇಬ್ಬರು ಮಕ್ಕಳು ಬರ್ತಾರೆ. ಒಂದು ಮನೆಯವರು ಬಿಟ್ಟರೆ ಪಕ್ಕದ ಮನೆಯವರೂ ಯೋಚನೆ ಮಾಡ್ತಾರೆ. ಆ ರಾತ್ರಿ ಅಪ್ಪ ಸರಿಯಾಗಿ ಊಟ ಮಾಡಲಿಲ್ಲ.

ಬಾಗಿಲಿನ ರಬ್ಬರ್ ಬೀಡಿಂಗ್ ಹೋದ ವರ್ಷ ತಾನೇ ಹೊಸದು ಹಾಕಿಸಿದ್ದು. ಅಪ್ಪನ ಲೆಕ್ಕ ಸರಳ: “ರಬ್ಬರ್ ಡೂಪ್ಲಿಕೇಟು ಕೊಟ್ಟಿದಾನೆ ಮಾರಾಯ. ಮತ್ತೊಂದು ಹಾಕ್ಸುವ.”

ನಾನು ರಬ್ಬರನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದೆ. ಒತ್ತಿದ್ದು ತಕ್ಷಣ ಎದ್ದು ಬಂತು. ಬಾಗಿಲಿನ ಸೀಲ್ ಕೆಲಸ ಮಾಡೋದು ಇಷ್ಟರಲ್ಲೇ. ಅದು ನೀರಿಗೆ ಗೋಡೆ ಅಲ್ಲ, ಸ್ಪ್ರಿಂಗು. ಒಳಗೆ ಟೊಳ್ಳಿರೋ ರಬ್ಬರ್ ಕೊಳವೆಯನ್ನ ಬಾಗಿಲು ಅಮುಕುತ್ತೆ, ಅದು ವಾಪಸ್ ತಳ್ಳುತ್ತೆ, ಆ ತಳ್ಳಾಟದಲ್ಲಿ ಸಂದಿ ಮುಚ್ಚುತ್ತೆ. ವರ್ಷಗಟ್ಟಲೆ ಅಮುಕಿಸಿಕೊಂಡ ರಬ್ಬರ್ ಒಂದು ದಿನ ವಾಪಸ್ ಏಳೋದನ್ನ ಬಿಡುತ್ತೆ. ಮೆಟೀರಿಯಲ್ಸ್ ಪುಸ್ತಕದಲ್ಲಿ ಇದಕ್ಕೆ ಕಂಪ್ರೆಷನ್ ಸೆಟ್ ಅಂತಾರೆ. 1986ರಲ್ಲಿ ಚಾಲೆಂಜರ್ ನೌಕೆ ಹಾರಿದ 73 ಸೆಕೆಂಡಿಗೆ ಒಡೆದು ಏಳು ಜನ ಸತ್ತಿದ್ದಕ್ಕೂ ಇಂಥದ್ದೇ ಕಾರಣ: ಚಳಿಗೆ ಒಂದು ಓ-ರಿಂಗ್ ಬೇಗ ಎದ್ದು ಸಂದಿ ಮುಚ್ಚಲಿಲ್ಲ. ಆಮೇಲೆ ವಿಚಾರಣೆಯಲ್ಲಿ ಫೈನ್‌ಮನ್ ಆ ರಬ್ಬರಿನ ತುಂಡನ್ನ ಕ್ಲಾಂಪಲ್ಲಿ ಬಿಗಿದು, ಐಸ್ ನೀರಲ್ಲಿ ಅದ್ದಿ, ಬಿಚ್ಚಿ, ಅದು ಏಳದೇ ಇರೋದನ್ನ ಎಲ್ಲರ ಎದುರು ತೋರಿಸಿದರು. ನಮ್ಮ ರಬ್ಬರ್ ಮಾತ್ರ ಚೆನ್ನಾಗೇ ಏಳ್ತಾ ಇತ್ತು. ಹಾಗಾದರೆ ತಪ್ಪು ಅದರದ್ದಲ್ಲ.

ಮರುದಿನ ಡಿಸಿ ಮಳೆ ರಜೆ ಕೊಟ್ಟರು. ಮಕ್ಕಳಿಗೆ ಖುಷಿ, ನಮಗೆ ಗಾಡಿ ಸಿಕ್ಕಿತು. ಕೊಟ್ಟಿಗೆ ಮಾಡಿನ ಕೆಳಗೆ ನಿಲ್ಲಿಸಿಕೊಂಡು ತಂಗಿ ಕೈಗೆ ಪೈಪು ಕೊಟ್ಟೆ, ನಾನು ಮೊಬೈಲ್ ಟಾರ್ಚ್ ಹಿಡಿದು ಒಳಗೆ ಕೂತೆ. ಪೈಪು ಹಿಡಿಯೋದು ಕೆಳಗಿಂದ ಮೇಲಕ್ಕೆ. ಮೊದಲೇ ಮೇಲಿಂದ ಬಿಟ್ಟರೆ ನೀರು ಎಲ್ಲದರ ಮೇಲೂ ಇಳಿದು, ಎಲ್ಲಿಂದ ಒಳಗೆ ಬಂತು ಅಂತ ಗೊತ್ತೇ ಆಗಲ್ಲ. ಕೆಳಗಿನ ಅಂಚು, ಐದು ನಿಮಿಷ, ಏನೂ ಇಲ್ಲ. ನಡು, ಏನೂ ಇಲ್ಲ. ಮೇಲಿನ ಹಿಂಬದಿ ಮೂಲೆಗೆ ಬಂದಾಗ ಒಂದು ಹನಿ ಒಳಗೆ ಇಣುಕಿತು, ಟ್ರಿಮ್ಮಿನ ಹಿಂದಿನಿಂದ ಜಾರಿ ಎರಡು ಅಡಿ ಕೆಳಗೆ ಸೀಟಿನ ಮೇಲೆ ಬಿತ್ತು. ಇಷ್ಟು ದಿನ ಎಲ್ಲರೂ ಸೀಟಿನ ಪಕ್ಕದ ರಬ್ಬರನ್ನೇ ಬೈತಾ ಇದ್ದರು.

ಆಮೇಲೆ ಒರೆಸಿ, ಒಣಗಿಸಿ, ರಬ್ಬರಿನ ಸುತ್ತ ತಂಗಿಯ ಸೀಮೆಸುಣ್ಣ ತೀಡಿ ಬಾಗಿಲು ಹಾಕಿ ತೆಗೆದೆವು. ರಬ್ಬರ್ ಮುಟ್ಟಿದ ಕಡೆಯೆಲ್ಲಾ ಬಿಳಿ ಗೆರೆ. ಆ ಮೂಲೆಯಲ್ಲಿ ಒಂದು ಗೇಣಿನಷ್ಟು ಗೆರೆಯೇ ಇಲ್ಲ. ಅಪ್ಪ ಜೇಬಿಂದ ಹತ್ತು ರೂಪಾಯಿ ನೋಟು ತೆಗೆದು ಅಲ್ಲಿ ಸಿಕ್ಕಿಸಿ ಬಾಗಿಲು ಹಾಕಿ ಎಳೆದರು. ಬೇರೆ ಕಡೆ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದ ನೋಟು ಇಲ್ಲಿ ಸಲೀಸಾಗಿ ಬಂತು. “ಬಾಗಿಲೇ ಕೂರ್ತಾ ಇಲ್ಲ ಹಾಗಾದ್ರೆ” ಅಂದರು.

ಬಾಗಿಲನ್ನ ಅರ್ಧ ತೆರೆದು ಹಿಂದಿನ ತುದಿ ಹಿಡಿದು ಎತ್ತಿದರೆ ಬೆರಳು ದಪ್ಪ ಮೇಲೆ ಬರ್ತಿತ್ತು. ಬಾಗಿಲನ್ನ ಹೊರೋ ರೋಲರ್ ಸವೆದುಹೋಗಿದೆ. ದಿನಕ್ಕೆ ನಲವತ್ತು ಸಲ ಮಕ್ಕಳು ದಬಾರ್ ಅಂತ ಎಳೆಯೋ ಬಾಗಿಲು, ಸವೆಯದೆ ಇನ್ನೇನು. ಹಿಂಭಾಗ ಜಗ್ಗಿ ಬಾಗಿಲು ಓರೆಯಾಗಿ, ಮೇಲಿನ ಮೂಲೆ ರಬ್ಬರಿಂದ ದೂರ ನಿಂತಿತ್ತು. ಇದಕ್ಕೆ ಎಷ್ಟು ಹೊಸ ರಬ್ಬರ್ ಹಾಕಿಸಿದರೂ ಅಷ್ಟೇ. ರೋಲರ್ ಪೇಟೆಯಲ್ಲಿ ಸಿಕ್ಕಿತು, ರಬ್ಬರಿನ ಸೆಟ್ಟಿಗೆ ಕೊಟ್ಟ ದುಡ್ಡಿನ ಕಾಲುಭಾಗವೂ ಆಗಲಿಲ್ಲ. ಹಾಕಿ, ಹಳಿಯ ಕೆಸರು ಕೆರೆದು, ಕಂಬದ ಮೇಲಿನ ಲಾಕ್ ಕೊಕ್ಕೆಯ ಸ್ಕ್ರೂ ಸಡಿಲ ಮಾಡಿ ಒಂದೆರಡು ಮಿಲಿಮೀಟರ್ ಒಳಗೆ ಸರಿಸಿ ಬಿಗಿದೆವು. ಮತ್ತೆ ಸೀಮೆಸುಣ್ಣ. ಈ ಸಲ ಗೆರೆ ಪೂರ್ತಿ ಸುತ್ತು ಬಂತು.

ಡ್ರೈವರ್ ಬಾಗಿಲಿನ ಕಥೆ ಬೇರೆ. ಅಪ್ಪನ ಕಾಲ ಹತ್ತಿರ ಮ್ಯಾಟ್ ಯಾವಾಗಲೂ ನೆನೆದಿರುತ್ತಿತ್ತು, ಅಲ್ಲಿ ಸೀಮೆಸುಣ್ಣದ ಗೆರೆ ಸರಿ ಇತ್ತು. ನನಗೆ ತುಂಬಾ ಇಷ್ಟವಾದ ವಿಷಯ ಇದು: ಕಾರಿನ ಬಾಗಿಲೊಳಗೆ ನೀರು ಹೋಗೋದು ದೋಷವೇ ಅಲ್ಲ. ಗಾಜು ಇಳಿಯೋ ಸಂದಿಯ ರಬ್ಬರ್ ಪಟ್ಟಿ ಪೂರ್ತಿ ತಡೆಯಲ್ಲ, ನೀರು ಗಾಜಿನ ಜೊತೆ ಬಾಗಿಲ ಹೊಟ್ಟೆಗೆ ಇಳಿಯುತ್ತೆ, ಕೆಳಗಿನ ತೂತುಗಳಿಂದ ಹೊರಗೆ ಹೋಗುತ್ತೆ. ವಿನ್ಯಾಸವೇ ಹಾಗೆ. ನಮ್ಮ ಗಾಡಿಗೆ ಹಿಂದೊಮ್ಮೆ ತುಕ್ಕು ಬರಬಾರದು ಅಂತ ಅಡಿಗೆ ಕಪ್ಪು ಕೋಟಿಂಗ್ ಹೊಡೆದವರು ಯಾರೋ ತೂತಿನ ಮೇಲೂ ಹೊಡೆದಿದ್ದರು. ಮುರಿದ ಕೊಡೆಯ ಕಡ್ಡಿ ತಂದು ಚುಚ್ಚಿದೆ. ಕಷಾಯದ ಬಣ್ಣದ ನೀರು ಅರ್ಧ ಚೊಂಬು ಸುರಿಯಿತು. ಹೊರಗೆ ಹೋಗೋ ದಾರಿ ಮುಚ್ಚಿದ್ದಕ್ಕೆ ಅದು ಒಳಗೆ ಬರ್ತಾ ಇತ್ತು, ಪಾಪ.

ಮಾಡೋರಿಗೆ ಉಪಯೋಗಕ್ಕೆ ಬರಲಿ ಅಂತ ಎರಡು ಮಾತು. ರಬ್ಬರ್ ಹಾಕುವಾಗ ಎಳೆದು ಹಾಕಬಾರದು. ಎಳೆದದ್ದು ನಿಧಾನಕ್ಕೆ ಕುಗ್ಗಿ ಮೂಲೆಗಳಲ್ಲಿ ಎದ್ದು ನಿಲ್ಲುತ್ತೆ. ಜೋಡಣೆ ಬಾಗಿಲಿನ ಕೆಳಭಾಗಕ್ಕೆ ಬರಲಿ, ಮೇಲಕ್ಕಲ್ಲ. ಮತ್ತೆ ಹೊಳಪಿಗೆ ಅಂತ ರಬ್ಬರಿಗೆ ಇಂಜಿನ್ ಆಯಿಲ್ ಹಚ್ಚೋ ಅಭ್ಯಾಸ ಕೆಲವರಿಗಿದೆ. ಈ ಸೀಲುಗಳು ಸಾಮಾನ್ಯವಾಗಿ ಇಪಿಡಿಎಂ. ಬಿಸಿಲು ಮಳೆ ತಡೆಯುತ್ತೆ, ಪೆಟ್ರೋಲಿಯಂ ಎಣ್ಣೆಗೆ ಮಾತ್ರ ಊದಿಕೊಂಡು ಹಾಳಾಗುತ್ತೆ. ಸಿಲಿಕೋನ್ ಗ್ರೀಸ್ ಆದರೆ ತೊಂದರೆ ಇಲ್ಲ.

“ಮೆಕ್ಯಾನಿಕಲ್ ತಗೊಂಡು ಗ್ಯಾರೇಜ್ ಇಡ್ತೀಯಾ?” ಅಂತ ಅಡ್ಮಿಶನ್ ಟೈಮಲ್ಲಿ ಕೇಳಿದ ಒಬ್ಬರು ಮಾವ ಆ ದಿನವೇ ಮನೆಗೆ ಬಂದಿದ್ದರು. ಅಪ್ಪ ನನ್ನ ಬಗ್ಗೆ ಏನೂ ಹೇಳಲಿಲ್ಲ. ಅವರಿಗೆ ನೋಟಿನ ಪರೀಕ್ಷೆ ಮಾತ್ರ ಎರಡು ಸಲ ತೋರಿಸಿದರು, ಎರಡನೇ ಸಲ ಐವತ್ತರ ನೋಟಲ್ಲಿ.

ತಿಂಗಳು ಕಳೀತು. ಆ ಹುಡುಗಿಯ ಅಮ್ಮ ಮತ್ತೆ ಫೋನ್ ಮಾಡಲಿಲ್ಲ, ಮಕ್ಕಳು ನಮ್ಮ ವ್ಯಾನಲ್ಲೇ ಬರ್ತಿದ್ದಾರೆ. ನಮ್ಮ ಕಡೆ ಏನೂ ಹೇಳಲಿಲ್ಲ ಅಂದರೆ ಒಪ್ಪಿಗೆ ಅಂತಲೇ ಅರ್ಥ. ಹಿಂದಿನ ಡಿಕ್ಕಿ ಬಾಗಿಲಿನ ಎಡ ಮೂಲೆ ಇನ್ನೂ ಸ್ವಲ್ಪ ಒದ್ದೆಯಾಗುತ್ತೆ. ಅಲ್ಲಿ ರಬ್ಬರ್ ಕೂರೋ ತಗಡಿನ ಅಂಚೇ ತುಕ್ಕು ಹಿಡಿದಿದೆ, ಕೆರೆದು ಪ್ರೈಮರ್ ಹೊಡೀಬೇಕು, ಅದಕ್ಕೆ ಎರಡು ದಿನ ಬಿಸಿಲು ಬೇಕು. ದೀಪಾವಳಿವರೆಗೆ ಅಪ್ಪ ಅಲ್ಲೊಂದು ಗೋಣಿಚೀಲ ಹಾಸಿಕೊಂಡಿದ್ದಾರೆ.