ಮೊದಲ ಸೆಮಿಸ್ಟರಿನ ಹೊರೆ: ಕೆಲವು ಟಿಪ್ಪಣಿಗಳು

ತಂಗಿಯ ಮಗಳು ಆಗಸ್ಟ್ ಕೊನೆಗೆ ಅಮೆರಿಕದ ಒಂದು ರಾಜ್ಯ ವಿಶ್ವವಿದ್ಯಾಲಯ ಸೇರುತ್ತಿದ್ದಾಳೆ. ಡಾಕ್ಟರಾಗುವ ಆಸೆ ಅವಳದು. ಹಾಸನದ ಕಡೆಯ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತನಾದ ನನಗೆ ಅವಳ ಟೈಮ್‌ಟೇಬಲ್ ಬಿಡಿಸಿಕೊಳ್ಳಲು ಈ ನೋಟ್‌ಬುಕ್ ಬೇಕಾಯಿತು. ನಮ್ಮಲ್ಲಿ ಪಿಸಿಎಂಬಿ ತೆಗೆದುಕೊಂಡವರಿಗೆ ಆರಿಸುವ ಪ್ರಶ್ನೆಯೇ ಬರುವುದಿಲ್ಲ. ಅವಳಿಗೆ ಎಲ್ಲವೂ ಆಯ್ಕೆಯೇ.

*

ಮೆಡಿಕಲ್ ಸೀಟು ಎಲ್ಲಿದೆ ಎಂದು ಕೇಳಿದೆ. ಇನ್ನೂ ಇಲ್ಲವಂತೆ. ಅಲ್ಲಿ ವೈದ್ಯಕೀಯ ಓದು ಶುರುವಾಗುವುದು ನಾಲ್ಕು ವರ್ಷದ ಪದವಿ ಮುಗಿದ ಮೇಲೆ. ಅದು ಮತ್ತೆ ನಾಲ್ಕು ವರ್ಷ. 1893ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆ ಪದವಿಯಿಲ್ಲದವರನ್ನು ಸೇರಿಸಿಕೊಳ್ಳುವುದಿಲ್ಲ ಎಂದಿತು. 1910ರ ಫ್ಲೆಕ್ಸ್‌ನರ್ ವರದಿ ಆ ಮಾದರಿಯನ್ನೇ ಎತ್ತಿ ಹಿಡಿಯಿತು. ನೇರ ದಾರಿಗಳೂ ಇಲ್ಲದಿಲ್ಲ. ಕಾನ್ಸಾಸ್ ಸಿಟಿಯ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಪ್ಲಸ್ ಟೂ ಮುಗಿಸಿದವರಿಗೇ ಆರು ವರ್ಷದ ಕೋರ್ಸ್ ಇದೆ. ಆದರೆ ಅಂಥ ಸೀಟುಗಳು ತೀರಾ ಕಡಿಮೆ.

ಹಾಗಾದರೆ 'ಪ್ರೀಮೆಡ್' ಎಂದರೆ? ಅದು ಡಿಗ್ರಿಯೂ ಅಲ್ಲ, ವಿಭಾಗವೂ ಅಲ್ಲ. ಯಾವ ವಿಷಯದಲ್ಲಿ ಬೇಕಾದರೂ ಪದವಿ ಮಾಡಬಹುದು. ಅದರ ಜೊತೆಗೆ ಲ್ಯಾಬ್ ಸಮೇತ ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್, ಮೇಲೆ ಬಯೋಕೆಮಿಸ್ಟ್ರಿ, ಸ್ವಲ್ಪ ಗಣಿತ, ಸ್ವಲ್ಪ ಇಂಗ್ಲಿಷ್ ಮುಗಿಸಿರಬೇಕು. ಇತಿಹಾಸ ಓದಿದವರೂ ಡಾಕ್ಟರಾಗುತ್ತಾರೆ. ನ್ಯೂಯಾರ್ಕಿನ ಮೌಂಟ್ ಸೈನಾಯ್ ವೈದ್ಯಕೀಯ ಶಾಲೆ 1987ರಲ್ಲೇ ಮಾನವಿಕ ವಿಷಯಗಳ ವಿದ್ಯಾರ್ಥಿಗಳಿಗೆ ಪ್ರತ್ಯೇಕ ದಾರಿ ತೆರೆದಿತ್ತು. ಮನೆಯವರಿಗೆ ಇದನ್ನು ನಂಬಿಸಲು ನನಗೆ ಒಂದಿಡೀ ಸಂಜೆ ಹಿಡಿಯಿತು.

*

ಕ್ರೆಡಿಟ್ ಲೆಕ್ಕ. ವಾರಕ್ಕೆ ಒಂದು ಗಂಟೆ ಕ್ಲಾಸು, ಅದರ ಹೊರಗೆ ಎರಡು ಗಂಟೆ ಓದು: ಇದು ಒಂದು ಕ್ರೆಡಿಟ್. ಪದವಿಗೆ ಸಾಮಾನ್ಯವಾಗಿ 120 ಬೇಕು. ಎಂಟು ಸೆಮಿಸ್ಟರಿಗೆ ಹಂಚಿದರೆ ತಲಾ 15. ಅಂದರೆ ವಾರಕ್ಕೆ 45 ಗಂಟೆಯ ದುಡಿಮೆ. 12ಕ್ಕಿಂತ ಕೆಳಗಿಳಿದರೆ ಪೂರ್ಣಾವಧಿ ವಿದ್ಯಾರ್ಥಿ ಎನಿಸುವುದಿಲ್ಲ, ಆರ್ಥಿಕ ನೆರವಿಗೂ ಪೆಟ್ಟು ಬೀಳುತ್ತದೆ. ಇಲ್ಲಿಂದ ಎಫ್-1 ವಿದ್ಯಾರ್ಥಿ ವೀಸಾದ ಮೇಲೆ ಹೋದ ಮಕ್ಕಳಿಗೂ ಅದೇ 12ರ ಗೆರೆ. ಅವರ ಮಟ್ಟಿಗೆ ಅದು ವೀಸಾದ ಪ್ರಶ್ನೆಯೇ ಆಗಿಬಿಡುತ್ತದೆ.

ಲ್ಯಾಬಿನ ಲೆಕ್ಕ ಮಾತ್ರ ನನಗೆ ಇನ್ನೂ ಒಗ್ಗಿಲ್ಲ. ಮಧ್ಯಾಹ್ನ ಮೂರು ಗಂಟೆ ನಿಂತು ಟೈಟ್ರೇಷನ್ ಮಾಡಬೇಕು, ಆಮೇಲೆ ರಾತ್ರಿ ಕೂತು ರಿಪೋರ್ಟ್ ಬರೆಯಬೇಕು. ಇಷ್ಟಕ್ಕೂ ಸಾಮಾನ್ಯವಾಗಿ ಒಂದೇ ಕ್ರೆಡಿಟ್! ಎರಡು ಲ್ಯಾಬ್ ಇರುವ 15 ಕ್ರೆಡಿಟ್ಟೂ, ಒಂದೂ ಇಲ್ಲದ 15 ಕ್ರೆಡಿಟ್ಟೂ ಕಾಗದದ ಮೇಲೆ ಒಂದೇ. ವಾರದ ಗಂಟೆಗಳಲ್ಲಿ ಬೇರೆ ಬೇರೆ. ಹೊರೆ ಅಳೆಯುವಾಗ ಕ್ರೆಡಿಟ್ ಕೂಡಿಸಿದರೆ ಸಾಲದು, ಲ್ಯಾಬ್‌ಗಳನ್ನೂ ಎಣಿಸಬೇಕು.

*

ಅವಳು ಮೊದಲು ಬರೆದುಕೊಂಡ ಪಟ್ಟಿ: ಲ್ಯಾಬ್ ಸಮೇತ ಕೆಮಿಸ್ಟ್ರಿ, ಲ್ಯಾಬ್ ಸಮೇತ ಬಯಾಲಜಿ, ಕ್ಯಾಲ್ಕ್ಯುಲಸ್, ಬರವಣಿಗೆಯ ಕೋರ್ಸ್, ಮೇಲೊಂದು ಸ್ಪ್ಯಾನಿಷ್. 18 ದಾಟುತ್ತದೆ. ಬಹಳ ಕಡೆ 18ರ ಮೇಲಕ್ಕೆ ಅನುಮತಿ ಬೇಕು. "ಪಿಯುನಲ್ಲಿ ನಾವೆಲ್ಲ ನಾಲ್ಕೂ ಒಟ್ಟಿಗೇ ಓದಲಿಲ್ಲವೇ?" ಎಂದು ಅವಳಪ್ಪ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನಾನೂ ಅದರ ಸುತ್ತ ಬಹಳ ಯೋಚಿಸಿದೆ.

ನಮ್ಮಲ್ಲಿ ಎರಡು ವರ್ಷದ ಓದು ಕೊನೆಗೆ ನೀಟ್‌ನ ಒಂದು ಮಧ್ಯಾಹ್ನದಲ್ಲಿ, 720 ಅಂಕಗಳಲ್ಲಿ ಇತ್ಯರ್ಥವಾಗುತ್ತದೆ. ಮೊದಲ ಪಿಯುಸಿಯ ಕಿರುಪರೀಕ್ಷೆಯಲ್ಲಿ ಎಡವಿದರೆ ಸೀಟು ಹಂಚುವಾಗ ಅದನ್ನು ಯಾರೂ ನೋಡುವುದಿಲ್ಲ. ನೀಟ್ ಕೈಕೊಟ್ಟರೆ ಒಂದು ವರ್ಷ ಲಾಂಗ್ ಟರ್ಮ್ ಸೇರಿ ಮತ್ತೆ ಬರೆಯಬಹುದು, ಹೊಸ ಅಂಕ ಹಳೆಯದನ್ನು ಅಳಿಸುತ್ತದೆ. ಅಮೆರಿಕದಲ್ಲಿ ಹಳೆಯ ಅಂಕ ಅಳಿಯುವುದಿಲ್ಲ. ಬಹುಪಾಲು ವೈದ್ಯಕೀಯ ಶಾಲೆಗಳಿಗೆ ಅರ್ಜಿ ಹೋಗುವುದು ಆಮ್‌ಕ್ಯಾಸ್ ಎಂಬ ಒಂದೇ ವ್ಯವಸ್ಥೆಯ ಮೂಲಕ. ಕಾಲೇಜು ಮೆಟ್ಟಿಲೇರಿದ ದಿನದಿಂದ ತೆಗೆದುಕೊಂಡ ಪ್ರತಿಯೊಂದು ಕೋರ್ಸೂ ಅದರಲ್ಲಿ ಕಾಣಬೇಕು. ಸಿ ಬಂದ ಕೋರ್ಸನ್ನು ಮತ್ತೆ ಮಾಡಿ ಎ ತಂದರೆ, ಅವಳ ವಿಶ್ವವಿದ್ಯಾಲಯ ಹಳೆಯದನ್ನು ಮರೆತರೂ ಆಮ್‌ಕ್ಯಾಸ್ ಎರಡನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತ ಈ ನಾಲ್ಕಕ್ಕೆ ಬೇರೆಯೇ ಒಂದು ಸರಾಸರಿಯನ್ನೂ ಹಾಕುತ್ತದೆ.

ಸ್ಲೇಟು ಹಿಡಿದವನಂತೆ ಕೂತು ಲೆಕ್ಕ ಹಾಕಿದೆ. ಮೊದಲ ಸೆಮಿಸ್ಟರಿನಲ್ಲಿ ನಾಲ್ಕು ನಾಲ್ಕು ಕ್ರೆಡಿಟ್ಟಿನ ಕೆಮಿಸ್ಟ್ರಿ, ಬಯಾಲಜಿಗಳಲ್ಲಿ ಸಿ, ಗಣಿತದಲ್ಲಿ ಬಿ ಬಂತು ಎನ್ನಿ. ವಿಜ್ಞಾನದ ಜಿಪಿಎ, ಅಂದರೆ 4ರ ಅಳತೆಯ ಗ್ರೇಡ್ ಸರಾಸರಿ, 2.33. ಮುಂದೆ ಅವಳು ಕಷ್ಟಪಟ್ಟು, ಉಳಿದ 38 ವಿಜ್ಞಾನ ಕ್ರೆಡಿಟ್ಟುಗಳಲ್ಲಿ 3.8 ತೆಗೆದರೂ 50 ಕ್ರೆಡಿಟ್ ಮುಗಿಯುವ ಹೊತ್ತಿಗೆ ಸರಾಸರಿ ನಿಲ್ಲುವುದು 3.45ರ ಹತ್ತಿರ. ಸೀಟು ಸಿಕ್ಕವರ ಒಟ್ಟು ಜಿಪಿಎ ಸರಾಸರಿ ಈಗ 3.7 ದಾಟಿದೆ. ಬಾಗಿಲು ಮುಚ್ಚಿತು ಎಂದಲ್ಲ. ಏರುತ್ತ ಹೋದ ಅಂಕಪಟ್ಟಿಯನ್ನು ಆಯ್ಕೆ ಸಮಿತಿಗಳು ಗಮನಿಸುತ್ತವೆ. ಆದರೆ ನಾಲ್ಕೇ ತಿಂಗಳ ಅವಸರವನ್ನು ಸರಿಪಡಿಸಲು ಮೂರು ವರ್ಷ ಬೇಕಾಗುತ್ತದೆ. 18 ಕ್ರೆಡಿಟ್ ಹೊತ್ತಳು ಎಂದು ಮೆಚ್ಚಿ ಅದಕ್ಕೊಂದು ಅಂಕ ಸೇರಿಸುವ ಕಾಲಮ್ಮು ಆ ಅರ್ಜಿಯಲ್ಲಿ ಇಲ್ಲ.

*

ಹಾಗಿದ್ದರೆ ಕೆಮಿಸ್ಟ್ರಿಯನ್ನೇ ಮುಂದೂಡಿದರೆ? ಇದು ನನ್ನ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ. ಕೆಮಿಸ್ಟ್ರಿ ಒಂದು ಸರಪಳಿ. ಜನರಲ್ ಎರಡು ಸೆಮಿಸ್ಟರ್, ಆಮೇಲೆ ಆರ್ಗ್ಯಾನಿಕ್ ಎರಡು, ಅದಾದ ಮೇಲೆ ಬಯೋಕೆಮಿಸ್ಟ್ರಿ. ಹಿಂದಿನದು ಮುಗಿಯದೆ ಮುಂದಿನದಕ್ಕೆ ಸೇರಿಸುವುದಿಲ್ಲ. ಐದು ಸೆಮಿಸ್ಟರ್ ಕಳೆದರೆ ಮೂರನೆಯ ವರ್ಷದ ಚಳಿಗಾಲ. ಆ ವಸಂತಕ್ಕೆ ಮೆಡಿಕಲ್ ಪ್ರವೇಶದ ಎಂಕ್ಯಾಟ್ ಪರೀಕ್ಷೆ, ಬೇಸಿಗೆಯಲ್ಲಿ ಅರ್ಜಿ. ಪದವಿ ಮುಗಿದ ವರ್ಷವೇ ಮೆಡಿಕಲ್ ಸೇರಬೇಕೆಂದರೆ ಕೆಮಿಸ್ಟ್ರಿ ಮೊದಲ ಸೆಮಿಸ್ಟರಿನಲ್ಲೇ ಶುರುವಾಗಬೇಕು. ಬಯಾಲಜಿಗೆ ಆ ಒತ್ತಡವಿಲ್ಲ, ಅದು ಜನವರಿಗೆ ಅಥವಾ ಮರುವರ್ಷಕ್ಕೆ ಕಾಯಬಲ್ಲದು. ಪದವಿಗೂ ಮೆಡಿಕಲ್‌ಗೂ ನಡುವೆ ಒಂದೆರಡು ವರ್ಷ ಬಿಡುವವರೇ ಅಲ್ಲಿ ಈಗ ಹೆಚ್ಚು ಎನ್ನುವುದನ್ನೂ ಇಲ್ಲಿ ಬರೆದಿಡುತ್ತೇನೆ. ಆ ವರ್ಷ ಹಾಳಾಯಿತು ಎಂದು ಅಲ್ಲಿ ಯಾರೂ ಭಾವಿಸುವುದಿಲ್ಲ.

ಮನಸ್ಸಿಗೆ ಬೇಸರ ತಂದ ಸಂಗತಿಯೂ ಕೆಮಿಸ್ಟ್ರಿಯದೇ. ಸ್ಟ್ಯಾನ್‌ಫರ್ಡಿನ ಡೊನಾಲ್ಡ್ ಬಾರ್ ಮತ್ತು ಜೊತೆಗಾರರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಡಾಕ್ಟರಾಗುವ ಆಸೆ ಹೊತ್ತು ಬಂದವರು ಆರಂಭದಲ್ಲೇ ಅದನ್ನು ಕೈಬಿಡಲು ಮುಖ್ಯ ಕಾರಣವಾಗಿ ಕಂಡದ್ದು ಕೆಮಿಸ್ಟ್ರಿ ಕೋರ್ಸುಗಳು. ನೂರಾರು ಜನರ ಹಾಲ್, ವಾರಕ್ಕೊಂದು ಅಧ್ಯಾಯ ಓಡಿಸುವ ವೇಗ. ರೋಗಿಯ ಮುಖ ನೋಡುವ ಮೊದಲೇ ಮೋಲಾರಿಟಿಯ ಲೆಕ್ಕ ಒಬ್ಬ ಹುಡುಗಿಯನ್ನು ವಾಪಸ್ಸು ಕಳಿಸಿಬಿಡುವುದು ಏಕೆ? ಕಷ್ಟದ ಈ ಕೋರ್ಸಿನ ಪಕ್ಕದಲ್ಲಿ ಇನ್ನೊಂದು ಕಷ್ಟದ್ದನ್ನು ಇಡಬೇಡ ಎಂದು ಅವಳಿಗೆ ಹೇಳಲು ನನಗೆ ಬೇರೆ ಕಾರಣ ಬೇಕಾಗಲಿಲ್ಲ.

*

ಎಪಿ ಪರೀಕ್ಷೆಯ ಗೋಜಲು. ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಎಪಿ ಕೆಮಿಸ್ಟ್ರಿ ಬರೆದು 5ಕ್ಕೆ 5 ಪಡೆದಿದ್ದಾಳೆ. ವಿಶ್ವವಿದ್ಯಾಲಯ ಅದಕ್ಕೆ ಕ್ರೆಡಿಟ್ ಕೊಡುತ್ತದೆ. ಆದರೆ ಕೆಲವು ವೈದ್ಯಕೀಯ ಶಾಲೆಗಳು ಎಪಿಯನ್ನು ಪೂರ್ವಾರ್ಹತೆಯಾಗಿ ಒಪ್ಪುವುದಿಲ್ಲ, ಅಥವಾ ಅದರ ಮೇಲಿನ ಕೋರ್ಸ್ ಕೇಳುತ್ತವೆ. ಜಿಗಿದು ನೇರ ಆರ್ಗ್ಯಾನಿಕ್‌ಗೆ ಹೋಗಲೇ, ಜನರಲ್ ಕೆಮಿಸ್ಟ್ರಿಯಲ್ಲೇ ಕೂರಲೇ ಎಂದಳು. ಕೂರು ಎಂದೆ. ಗೊತ್ತಿರುವ ವಿಷಯದಲ್ಲಿ ಹೊಸ ಕಾಲೇಜಿನ ಪರೀಕ್ಷೆಯ ರೀತಿ ಕಲಿಯುವುದು ಒಂದು ಕೆಲಸ. ಗೊತ್ತಿಲ್ಲದ ವಿಷಯದಲ್ಲಿ ಕಲಿಯುವುದಾದರೆ ಎರಡು.

*

ಎಂಐಟಿಯಲ್ಲಿ ಮೊದಲ ಸೆಮಿಸ್ಟರಿಗೆ ಗ್ರೇಡೇ ಇಲ್ಲ; ಪಾಸಾದರೆ ಪಾಸ್, ಇಲ್ಲದಿದ್ದರೆ ದಾಖಲೆಯಲ್ಲಿ ಏನೂ ಇರುವುದಿಲ್ಲ. ಸ್ವಾರ್ಥ್‌ಮೋರ್ ಕಾಲೇಜಿನಲ್ಲೂ ಮೊದಲ ಸೆಮಿಸ್ಟರ್ ಪಾಸ್-ಫೇಲ್ ಮಾತ್ರ. ದೇಶದ ಅತಿ ಬುದ್ಧಿವಂತ ಮಕ್ಕಳನ್ನು ಆರಿಸಿ ತಂದ ಜಾಗಗಳು ಇವು. ಅವರಿಗೇ ಹೊಂದಿಕೊಳ್ಳಲು ನಾಲ್ಕು ತಿಂಗಳು ಬೇಕು ಎಂದು ಇವು ಒಪ್ಪಿಕೊಂಡಿವೆ. ಉಳಿದ ಕಡೆ ಆ ರಿಯಾಯಿತಿ ಇಲ್ಲದಿರುವಾಗ ವಿದ್ಯಾರ್ಥಿಯೇ ತನ್ನ ಪಟ್ಟಿಯಲ್ಲಿ ಅದನ್ನು ಮಾಡಿಕೊಳ್ಳಬೇಕು.

*

ಬರ್ಕ್ಲಿಯ ಯೂರಿ ಟ್ರೈಸ್‌ಮನ್ 1970ರ ದಶಕದಲ್ಲಿ ನೋಡಿದ್ದು ನನ್ನ ತಲೆಯಿಂದ ಹೋಗುತ್ತಿಲ್ಲ. ಕ್ಯಾಲ್ಕ್ಯುಲಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಏಕೆ ಸೋಲುತ್ತಿದ್ದಾರೆಂದು ಅವರು ಹುಡುಕಲು ಹೊರಟರು. ಶ್ರದ್ಧೆಗೆ ಕೊರತೆ ಇರಲಿಲ್ಲ. ಆ ವಿದ್ಯಾರ್ಥಿಗಳು ಒಬ್ಬೊಬ್ಬರೇ ಕೂತು ಓದುತ್ತಿದ್ದರು; ಚೆನ್ನಾಗಿ ಮಾಡುತ್ತಿದ್ದ ಚೀನೀ ಅಮೆರಿಕನ್ ಮಕ್ಕಳು ಒಟ್ಟಿಗೆ ಕೂತು, ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಟ್ರೈಸ್‌ಮನ್ ಗುಂಪುಗಳನ್ನು ಕಟ್ಟಿ ಇನ್ನೂ ಕಠಿಣ ಲೆಕ್ಕ ಕೊಟ್ಟರು. ಫಲಿತಾಂಶ ಎದ್ದು ಕಾಣುವಷ್ಟು ಸುಧಾರಿಸಿತು.

ಇದಕ್ಕೂ ಕೋರ್ಸಿನ ಹೊರೆಗೂ ಏನು ಸಂಬಂಧ? ಗುಂಪಿನಲ್ಲಿ ಓದಲು ಬಿಡುವು ಬೇಕು. ಪ್ರಾಧ್ಯಾಪಕರ ಆಫೀಸ್ ಅವರ್ಸ್‌ಗೆ ಹೋಗಲೂ ಬಿಡುವು ಬೇಕು. 18 ಕ್ರೆಡಿಟ್ ಹೊತ್ತವಳು ಮೊದಲು ಬಿಡುವುದು ಇವೆರಡನ್ನೇ.

*

ಕೊನೆಗೆ ನಿಂತ ಪಟ್ಟಿ: ಜನರಲ್ ಕೆಮಿಸ್ಟ್ರಿ 4, ಅದರ ಲ್ಯಾಬ್ 1, ಕ್ಯಾಲ್ಕ್ಯುಲಸ್ 4, ಬರವಣಿಗೆ 3, ಸೋಷಿಯಾಲಜಿ 3. ಒಟ್ಟು 15, ಒಂದೇ ಲ್ಯಾಬ್. ಸೋಷಿಯಾಲಜಿ ಏತಕ್ಕೆ ಎಂದು ಅವಳಪ್ಪ ಹುಬ್ಬೇರಿಸಿದರು. 2015ರಿಂದ ಎಂಕ್ಯಾಟ್‌ನ ನಾಲ್ಕು ಭಾಗಗಳಲ್ಲಿ ಒಂದು ಮನೋವಿಜ್ಞಾನ ಮತ್ತು ಸಮಾಜಶಾಸ್ತ್ರದ್ದೇ ಎಂದಾಗ ಸುಮ್ಮನಾದರು. ಆಸ್ಪತ್ರೆ ಸ್ವಯಂಸೇವೆ, ಸಂಶೋಧನೆಗಳು ಮೊದಲ ಸೆಮಿಸ್ಟರಿನಲ್ಲಿ ಬೇಡ.

ಒಂದು ಎಚ್ಚರಿಕೆ. ಸೋಷಿಯಾಲಜಿ ಬಿಟ್ಟರೆ 12ಕ್ಕೆ ಇಳಿಯುತ್ತಾಳೆ, ತೊಂದರೆಯಿಲ್ಲ. ಕೆಮಿಸ್ಟ್ರಿಯನ್ನು ಲ್ಯಾಬ್ ಸಮೇತ ಬಿಟ್ಟರೆ 10. ಆಗ ಮೊದಲು ಆರ್ಥಿಕ ನೆರವಿನ ಕಚೇರಿಗೆ ಹೋಗಿ ಕೇಳಬೇಕು, ಆಮೇಲೆ ಬಿಡಬೇಕು. ಆರಂಭದ ಆಡ್-ಡ್ರಾಪ್ ಅವಧಿಯಲ್ಲಿ ಬಿಟ್ಟರೆ ಗುರುತೇ ಉಳಿಯದು. ಆಮೇಲೆ ಬಿಟ್ಟರೆ ಅಂಕಪಟ್ಟಿಯಲ್ಲಿ 'ಡಬ್ಲ್ಯು' ಬೀಳುತ್ತದೆ. ಒಂದು ಡಬ್ಲ್ಯು ಒಂದು ಡಿಗಿಂತ ಎಷ್ಟೋ ಮೇಲು. ಅದು ಜಿಪಿಎ ಮುಟ್ಟುವುದಿಲ್ಲ.

*

ಅಲ್ಲಿನ ಕನ್ನಡ ಮನೆಗಳಿಗೆ, ಇಲ್ಲಿಂದ ಮಕ್ಕಳನ್ನು ಕಳಿಸುವವರಿಗೆ ಒಂದು ಮಾತು. ಕಾಲೇಜು ಸೇರಿದ ಮೇಲೆ ಅಲ್ಲಿನ ಕಾನೂನಿನ ಪ್ರಕಾರ ಅಂಕಪಟ್ಟಿಯ ಹಕ್ಕು ಮಗುವಿನದು. ಅವರು ಒಪ್ಪದೆ ವಿಶ್ವವಿದ್ಯಾಲಯ ನಿಮಗೆ ಗ್ರೇಡ್ ತಿಳಿಸಲು ಬದ್ಧವಲ್ಲ. ಏನಾಗುತ್ತಿದೆ ಎಂದು ಗೊತ್ತಾಗುವುದು ಅವರಾಗಿ ಹೇಳಿದರೆ ಮಾತ್ರ. "ಇಷ್ಟೇನಾ ತಗೊಂಡಿದ್ದು?" ಎಂದು ಕೇಳಿದ ಮನೆಗೆ ಅಕ್ಟೋಬರಿನ ಕೆಟ್ಟ ಸುದ್ದಿ ಡಿಸೆಂಬರಿನಲ್ಲಿ ಮುಟ್ಟುತ್ತದೆ. ಅಷ್ಟರಲ್ಲಿ ಕೋರ್ಸ್ ಬಿಡುವ ಕೊನೆಯ ದಿನ ಕಳೆದಿರುತ್ತದೆ. ದಯವಿಟ್ಟು 15 ಕ್ರೆಡಿಟ್ಟಿಗೆ, ಒಂದು ಲ್ಯಾಬಿಗೆ ಒಪ್ಪಿಕೊಳ್ಳಿ. ಕೋರ್ಸ್ ಬಿಡುವ ಕೊನೆಯ ದಿನಾಂಕವನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಅದಕ್ಕೆ ಎರಡು ವಾರ ಮೊದಲು ಫೋನ್ ಮಾಡಿ.